ಕೋಡ್ ಎಡಿಟರಿನ ಉಡುಗೆ: ಗಣಕದ ಬಣ್ಣಕ್ಕೆ ಅದನ್ನು ಹೊಂದಿಸುವ ಬಗೆ

ಹಗಲೆಲ್ಲ ಗಲ್ಲಾದ ಮುಂದೆಯೋ ಕಡತಗಳ ನಡುವೆಯೋ ದುಡಿದು, ರಾತ್ರಿ ಹತ್ತರ ಮೇಲೆ ಓದಿಗೆ ಕುಳಿತುಕೊಳ್ಳುವುದು ಹೊರನಾಡಿನ ಕನ್ನಡಿಗನಿಗೆ ಹೊಸ ಸಂಗತಿಯಲ್ಲ. ಮುಂಬಯಿಯ ರಾತ್ರಿಶಾಲೆಗಳಲ್ಲಿ ಕಲಿತು, ಲೋಟ ತಟ್ಟೆಗಳನ್ನೆತ್ತುವ ಕೆಲಸದಿಂದ ಲೆಕ್ಕ ಬರೆಯುವ ಕೆಲಸಕ್ಕೆ, ಅಲ್ಲಿಂದ ಸ್ವಂತ ಉದ್ಯಮಕ್ಕೆ ಏರಿದವರ ಪರಂಪರೆಯೇ ನಮ್ಮಲ್ಲಿದೆ. ಆ ಕಾಲದಲ್ಲಿ ಅವರ ಕೈಯಲ್ಲಿದ್ದುದು ಪಾಟಿ ಪುಸ್ತಕ. ಇಂದು ಅದರ ಸ್ಥಾನದಲ್ಲಿ ಲ್ಯಾಪ್‌ಟಾಪು ಬಂದು ಕುಳಿತಿದೆ. ಗಣಕಯಂತ್ರಕ್ಕೆ ಅಪ್ಪಣೆಗಳನ್ನು ಬರೆಯುವ ವಿದ್ಯೆ, ಎಂದರೆ ಪ್ರೋಗ್ರಾಮಿಂಗು, ಅನೇಕ ತರುಣರಿಗೆ ಇಂದಿನ ರಾತ್ರಿಶಾಲೆಯ ಪಾಠವಾಗಿದೆ.

ಆದರೆ ಪುಸ್ತಕಕ್ಕೂ ಈ ಯಂತ್ರಕ್ಕೂ ಒಂದು ವ್ಯತ್ಯಾಸವುಂಟು. ಪುಸ್ತಕ ತಾನಾಗಿ ಬೆಳಗುವುದಿಲ್ಲ, ಪರದೆ ಬೆಳಗುತ್ತದೆ. ಹತ್ತು ಅಡಿ ಉದ್ದಗಲದ ಒಂದು ಖೋಲಿಯಲ್ಲಿ ನಾಲ್ವರು ಮಲಗಿದ್ದಾರೆ, ಅವರಲ್ಲಿ ಇಬ್ಬರು ಬೆಳಗಿನ ಪಾಳಿಗಾಗಿ ನಾಲ್ಕೂವರೆಗೆ ಏಳಬೇಕಾದವರು ಎಂದು ಭಾವಿಸೋಣ. ಯಂತ್ರದ ಉಳಿದೆಲ್ಲ ಕಿಟಕಿಗಳೂ ಕಪ್ಪಾಗಿದ್ದು, ಕಲಿಯುವವನು ತನ್ನ ಕೋಡ್ ಎಡಿಟರನ್ನು ತೆರೆದ ಕೂಡಲೆ ಬೆಳ್ಳನೆಯ ಬೆಳಕು ಗೋಡೆಗೆ ಹೊಡೆದರೆ ಮಲಗಿದವರು ಮಗ್ಗುಲು ಬದಲಿಸುತ್ತಾರೆ. ನಾಲ್ಕು ದಿನ ಸಹಿಸುತ್ತಾರೆ. ಐದನೆಯ ದಿನ, "ಸಾಕು ಮಾರಾಯ, ಅದನ್ನು ಮುಚ್ಚು" ಎನ್ನುತ್ತಾರೆ. ಓದು ಅಲ್ಲಿಗೆ ನಿಲ್ಲುತ್ತದೆ. ಬಣ್ಣದ ಮಾತನ್ನು ಬರಿಯ ಶೋಕಿಯೆಂದು ತಳ್ಳಿಹಾಕುವವರು ಈ ಖೋಲಿಯನ್ನು ಒಮ್ಮೆ ನೆನೆಯಬೇಕು.

ಇದಕ್ಕೆ ಪರಿಹಾರ ಸುಲಭವಾಗಿದೆ, ಕಾಸು ಖರ್ಚಿಲ್ಲ. ಗಣಕದ ಆಪರೇಟಿಂಗ್ ಸಿಸ್ಟಮ್ಮು ಯಾವ ಬಣ್ಣ ತೊಟ್ಟಿದೆಯೋ ಅದೇ ಬಣ್ಣವನ್ನು ಎಡಿಟರೂ ತೊಡುವಂತೆ ಮಾಡಬಹುದು. ಅದರ ಕ್ರಮವನ್ನೂ ಕಾರಣವನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಯಾವುದು ಏನು?

ವಿಂಡೋಸ್, ಮ್ಯಾಕ್ ಓಎಸ್, ಲಿನಕ್ಸ್ ಇವು ಆಪರೇಟಿಂಗ್ ಸಿಸ್ಟಮ್ಮುಗಳು. ಇವನ್ನು ಹೋಟೆಲಿನ ಯಜಮಾನನಿಗೆ ಹೋಲಿಸಬಹುದು. ಯಾವ ಮೇಜು ಯಾರಿಗೆ, ದೀಪ ಎಷ್ಟು, ಬಾಗಿಲು ಎಂದು ತೆರೆಯಬೇಕು ಎಂಬುದೆಲ್ಲ ಇವುಗಳ ಅಧೀನ. ಕೋಡ್ ಎಡಿಟರೆಂಬುದು ಈ ಮನೆಯೊಳಗೆ ಕೆಲಸಮಾಡುವ ಒಂದು ಪ್ರೋಗ್ರಾಮು. ಇದರಲ್ಲಿ ಕುಳಿತು ನಾವು ಅಪ್ಪಣೆಗಳನ್ನು ಬರೆಯುತ್ತೇವೆ, ತಿದ್ದುತ್ತೇವೆ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್, ಸಬ್ಲೈಮ್ ಟೆಕ್ಸ್ಟ್, ವಿಮ್, ಈಮ್ಯಾಕ್ಸ್ ಮೊದಲಾದ ಅನೇಕ ಎಡಿಟರುಗಳಿವೆ. ಮೈಕ್ರೋಸಾಫ್ಟಿನವರು 2015ರಲ್ಲಿ ಪ್ರಕಟಿಸಿ, 2016ರ ಏಪ್ರಿಲಿನಲ್ಲಿ ಮೊದಲನೆಯ ಪೂರ್ಣ ಆವೃತ್ತಿಯಾಗಿ ಬಿಡುಗಡೆಮಾಡಿದ ವಿಷುಯಲ್ ಸ್ಟುಡಿಯೋ ಕೋಡ್ ಮೂರು ಸಿಸ್ಟಮ್ಮುಗಳ ಮೇಲೂ ಓಡುತ್ತದೆ, ಉಚಿತವಾಗಿ ದೊರೆಯುತ್ತದೆ. ಹೊಸದಾಗಿ ಕಲಿಯುವವರ ಯಂತ್ರದಲ್ಲಿ ಸಾಮಾನ್ಯವಾಗಿ ಕಾಣಸಿಗುವುದೂ ಇದೇ. ಆದಕಾರಣ ಇದನ್ನೇ ಮುಖ್ಯ ನಿದರ್ಶನವಾಗಿ ತೆಗೆದುಕೊಂಡಿದ್ದೇವೆ.

ಕಪ್ಪಿನಿಂದ ಬಿಳಿಗೆ, ಬಿಳಿಯಿಂದ ಮತ್ತೆ ಕಪ್ಪಿಗೆ

ಪರದೆಯ ಬಣ್ಣಕ್ಕೂ ಒಂದು ಚರಿತ್ರೆಯಿದೆ. ಮೊದಮೊದಲ ಪರದೆಗಳು ಕಪ್ಪಾಗಿಯೇ ಇದ್ದುವು. 1981ರಲ್ಲಿ ಐಬಿಎಂ ಕಂಪನಿಯು ತನ್ನ ಪರ್ಸನಲ್ ಕಂಪ್ಯೂಟರಿನೊಡನೆ ಮಾರಿದ ಏಕವರ್ಣದ ಪರದೆಯಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಹಸುರು ಅಕ್ಷರಗಳು ಹೊಳೆಯುತ್ತಿದ್ದುವು. ಕಿರಣ ತಾಗಿದಲ್ಲಿ ಮಾತ್ರ ಬೆಳಗುವುದು ಆ ಗಾಜಿನ ಕೊಳವೆಯ ಸ್ವಭಾವ. ಅಕ್ಷರವಿದ್ದೆಡೆ ಬೆಳಕು, ಉಳಿದೆಡೆ ಕತ್ತಲೆ. ಅದೇ ವರ್ಷ ಝೆರಾಕ್ಸ್ ಕಂಪನಿಯ ಸ್ಟಾರ್ ಯಂತ್ರವೂ, 1984ರಲ್ಲಿ ಆಪಲ್ ಕಂಪನಿಯ ಮೆಕಿಂಟಾಷ್ ಯಂತ್ರವೂ ಈ ಪದ್ಧತಿಯನ್ನು ತಿರುಗಿಸಿ, ಕಾಗದದಂತೆ ಬಿಳಿಯ ಹಿನ್ನೆಲೆಯ ಮೇಲೆ ಕಪ್ಪು ಅಕ್ಷರಗಳನ್ನು ತೋರಿಸಿದುವು. ಕಚೇರಿಯ ಕೆಲಸಗಾರನಿಗೆ ಪರಿಚಿತವಾದುದು ಕಾಗದವಷ್ಟೆ. ಪರದೆಯೂ ಕಾಗದದ ವೇಷ ತೊಟ್ಟಿತು.

ಪ್ರೋಗ್ರಾಮು ಬರೆಯುವವರು ಮಾತ್ರ ಕಪ್ಪನ್ನು ಪೂರ್ತಿಯಾಗಿ ಬಿಡಲಿಲ್ಲ. ಗಂಟೆಗಟ್ಟಲೆ ಪರದೆಯನ್ನೇ ದಿಟ್ಟಿಸುವ ಅವರು ತಮ್ಮ ಎಡಿಟರುಗಳಿಗೆ ತರತರದ ಬಣ್ಣದ ಜೋಡಣೆಗಳನ್ನು ಮಾಡಿಕೊಂಡರು. ಇವುಗಳಲ್ಲಿ 2011ರಲ್ಲಿ ಈಥನ್ ಸ್ಕೂನೋವರ್ ಎಂಬವರು ಪ್ರಕಟಿಸಿದ ಸೋಲರೈಸ್ಡ್ ಎಂಬುದು ಪ್ರಖ್ಯಾತವಾಯಿತು. ಅದರಲ್ಲಿರುವುದು 16 ಬಣ್ಣಗಳು. ಹಿನ್ನೆಲೆಗೂ ಬರಹಕ್ಕೂ 8, ಎದ್ದು ಕಾಣಬೇಕಾದ ಪದಗಳಿಗೆ 8. ಹಗಲಿಗೊಂದು ಬಿಳಿಯ ರೂಪ, ರಾತ್ರಿಗೊಂದು ಕಪ್ಪು ರೂಪ ಎಂದು ಜೋಡಿಯಾಗಿಯೇ ಅದು ರಚಿತವಾಗಿತ್ತು. ಎರಡಕ್ಕೂ ಎದ್ದು ಕಾಣುವ ಬಣ್ಣಗಳು ಅವೇ ಎಂಟು.

ಸಿಸ್ಟಮ್ಮುಗಳು ಎಚ್ಚೆತ್ತುದು ತರುವಾಯ. ವಿಂಡೋಸ್ 10ರಲ್ಲಿ 2016ರಲ್ಲಿಯೂ, ಮ್ಯಾಕ್ ಓಎಸ್ಸಿನ ಮೊಹಾವಿ ಆವೃತ್ತಿಯಲ್ಲಿ 2018ರಲ್ಲಿಯೂ ಕಪ್ಪು ಉಡುಗೆಯನ್ನು ಆರಿಸಿಕೊಳ್ಳುವ ಅವಕಾಶ ಬಳಕೆದಾರರಿಗೆ ದೊರೆಯಿತು. ಆಂಡ್ರಾಯ್ಡ್ 10, ಐಓಎಸ್ 13 ಎಂಬ ಫೋನುಗಳ ಸಿಸ್ಟಮ್ಮುಗಳು 2019ರಲ್ಲಿ ಅದೇ ದಾರಿ ಹಿಡಿದುವು. ಲಿನಕ್ಸಿನಲ್ಲಿ ಬಹು ಬಳಕೆಯ ಗ್ನೋಮ್ ಎಂಬ ಡೆಸ್ಕ್‌ಟಾಪು 2022ರ 42ನೆಯ ಆವೃತ್ತಿಯಲ್ಲಿ ಇಡೀ ಯಂತ್ರಕ್ಕೆ ಅನ್ವಯಿಸುವ ಕಪ್ಪು ಶೈಲಿಯನ್ನು ಒದಗಿಸಿತು. ಹೀಗೆ ಆರು ವರ್ಷಗಳಲ್ಲಿ ಸಿಸ್ಟಮ್ಮುಗಳೆಲ್ಲ ಎರಡೆರಡು ಉಡುಗೆಗಳ ಒಡೆತನ ಪಡೆದುವು.

ಎಡಿಟರಿಗೆ ತಿಳಿಯುವುದು ಹೇಗೆ?

ಸಿಸ್ಟಮ್ಮು ಬಣ್ಣ ಬದಲಿಸಿದ ಮಾತ್ರಕ್ಕೆ ಅದರೊಳಗಿನ ಎಲ್ಲ ಪ್ರೋಗ್ರಾಮುಗಳೂ ಬದಲಾಗುವುದಿಲ್ಲ. ಯಜಮಾನನು "ಇಂದು ಕಪ್ಪು" ಎಂದು ಫಲಕ ತೂಗುಹಾಕುತ್ತಾನೆ. ಕೆಲಸಗಾರನು ಅದನ್ನು ನೋಡಿ ಅಂಗಿ ಬದಲಿಸಬೇಕು. ವಿಂಡೋಸಿನಲ್ಲಿ ಈ ಫಲಕ ಎರಡು ತೆರನಾಗಿದೆ: ಕೆಳಗಿನ ಟಾಸ್ಕ್‌ಬಾರ್ ಮುಂತಾದುವಕ್ಕೆ ವಿಂಡೋಸ್ ಮೋಡ್, ಪ್ರೋಗ್ರಾಮುಗಳಿಗೆ ಆ್ಯಪ್ ಮೋಡ್. ಎಡಿಟರು ಗಮನಿಸುವುದು ಎರಡನೆಯದನ್ನು. ಟಾಸ್ಕ್‌ಬಾರನ್ನು ಕಪ್ಪಾಗಿಸಿದರೂ ಎಡಿಟರು ಬಿಳಿಯಾಗಿಯೇ ಉಳಿಯಿತೆಂದು ಗೊಣಗುವವರು ಈ ಭೇದವನ್ನು ತಿಳಿಯತಕ್ಕದ್ದು. ಲಿನಕ್ಸಿನಲ್ಲಿ ಡೆಸ್ಕ್‌ಟಾಪು ಮೂರು ಉತ್ತರಗಳಲ್ಲಿ ಒಂದನ್ನು ಕೊಡುತ್ತದೆ: ಇಂತಹದೇ ಬೇಕೆಂಬ ಇಚ್ಛೆಯಿಲ್ಲ, ಕಪ್ಪು ಬೇಕು, ಬಿಳಿ ಬೇಕು. ಕೇಳಿದ ಪ್ರೋಗ್ರಾಮು ಅದಕ್ಕನುಸಾರವಾಗಿ ನಡೆಯುತ್ತದೆ.

ವಿಷುಯಲ್ ಸ್ಟುಡಿಯೋ ಕೋಡು ಎಲೆಕ್ಟ್ರಾನ್ ಎಂಬ ಚೌಕಟ್ಟಿನ ಮೇಲೆ ಕಟ್ಟಿದ ಪ್ರೋಗ್ರಾಮು. ಎಲೆಕ್ಟ್ರಾನಿನ ಒಳಗಿರುವುದು ಕ್ರೋಮಿಯಂ ಎಂಬ ಬ್ರೌಸರಿನ ಯಂತ್ರಾಂಗ. ಸಿಸ್ಟಮ್ಮಿನ ಬಣ್ಣವನ್ನು ಕೇಳಿ ತಿಳಿಯುವ ಶಕ್ತಿ ಅದಕ್ಕೆ ಮೊದಲೇ ಇದೆ. ಆ ಶಕ್ತಿಯನ್ನು ಬಳಸುವಂತೆ ನಾವು ಅಪ್ಪಣೆ ಕೊಟ್ಟರೆ ಸಾಕು.

ಮಾಡಬೇಕಾದ ಕ್ರಮ

ಮೊದಲು ಸಿಸ್ಟಮ್ಮನ್ನು ಸರಿಪಡಿಸಿಕೊಳ್ಳಬೇಕು. ವಿಂಡೋಸಿನಲ್ಲಿ ಸೆಟ್ಟಿಂಗ್ಸ್ ತೆರೆದು, ಪರ್ಸನಲೈಸೇಶನ್ ಎಂಬಲ್ಲಿ ಕಲರ್ಸ್ ಎಂಬುದನ್ನು ಒತ್ತಿದರೆ ಲೈಟ್, ಡಾರ್ಕ್, ಕಸ್ಟಮ್ ಎಂಬ ಮೂರು ಆಯ್ಕೆಗಳು ಕಾಣುತ್ತವೆ. ಮ್ಯಾಕಿನಲ್ಲಿ ಅಪಿಯರೆನ್ಸ್ ಎಂಬಲ್ಲಿ ಲೈಟ್, ಡಾರ್ಕ್, ಆಟೋ ಇವೆ. ಕೊನೆಯದು 2019ರ ಕ್ಯಾಟಲೀನಾ ಆವೃತ್ತಿಯಲ್ಲಿ ಬಂದುದು. ಹಗಲಿನಲ್ಲಿ ಬಿಳಿಯನ್ನೂ ರಾತ್ರಿಯಲ್ಲಿ ಕಪ್ಪನ್ನೂ ಅದು ತಾನಾಗಿ ತೊಡಿಸುತ್ತದೆ. ಗ್ನೋಮಿನಲ್ಲಿಯೂ ಸೆಟ್ಟಿಂಗ್ಸಿನ ಅಪಿಯರೆನ್ಸ್ ಪುಟದಲ್ಲಿಯೇ ಈ ಆಯ್ಕೆಯಿದೆ.

ಬಳಿಕ ಎಡಿಟರಿಗೆ ಬರೋಣ. ಕಂಟ್ರೋಲ್ ಕೀಲಿಯನ್ನು ಒತ್ತಿಹಿಡಿದು ಅಲ್ಪವಿರಾಮದ ಕೀಲಿಯನ್ನು ಒತ್ತಿದರೆ ಸೆಟ್ಟಿಂಗ್ಸ್ ತೆರೆಯುತ್ತದೆ. ಮ್ಯಾಕಿನಲ್ಲಿ ಕಂಟ್ರೋಲಿಗೆ ಬದಲು ಕಮಾಂಡ್ ಕೀಲಿ. ಮೇಲಿನ ಹುಡುಕುವ ಪೆಟ್ಟಿಗೆಯಲ್ಲಿ "ಆಟೋ ಡಿಟೆಕ್ಟ್ ಕಲರ್ ಸ್ಕೀಮ್" ಎಂಬ ಪದಗಳನ್ನು ಇಂಗ್ಲಿಷಿನಲ್ಲಿ ಬರೆದರೆ ಒಂದು ಚೌಕ ಕಾಣುತ್ತದೆ. ಅದಕ್ಕೆ ಗುರುತು ಹಾಕಬೇಕು. ತರುವಾಯ "ಪ್ರಿಫರ್ಡ್ ಡಾರ್ಕ್ ಕಲರ್ ಥೀಮ್", "ಪ್ರಿಫರ್ಡ್ ಲೈಟ್ ಕಲರ್ ಥೀಮ್" ಎಂಬ ಎರಡನ್ನು ಹುಡುಕಿ, ರಾತ್ರಿಗೆ ಬೇಕಾದುದನ್ನು ಮೊದಲನೆಯದರಲ್ಲಿಯೂ ಹಗಲಿಗೆ ಬೇಕಾದುದನ್ನು ಎರಡನೆಯದರಲ್ಲಿಯೂ ಆರಿಸಬೇಕು. ಎಡಿಟರಿನೊಡನೆಯೇ ಬರುವ ಡಾರ್ಕ್ ಮಾಡರ್ನ್, ಲೈಟ್ ಮಾಡರ್ನ್ ಎಂಬ ಜೋಡಿ ಸಾಮಾನ್ಯರಿಗೆ ಸಾಕು. ಸೋಲರೈಸ್ಡಿನ ಎರಡು ರೂಪಗಳೂ ಅದರಲ್ಲಿಯೇ ಇವೆ. ಇಷ್ಟಾದ ಮೇಲೆ ಸಿಸ್ಟಮ್ಮು ಬಣ್ಣ ಬದಲಿಸಿದ ಕ್ಷಣದಲ್ಲಿ ಎಡಿಟರೂ ಬದಲಾಗುತ್ತದೆ.

ಒಂದು ಸಂಗತಿಯನ್ನು ನೆನಪಿಡಬೇಕು. ಈ ಗುರುತು ಹಾಕಿದ ಬಳಿಕ, ಹಿಂದೆ "ಕಲರ್ ಥೀಮ್" ಎಂಬಲ್ಲಿ ಬರೆದಿಟ್ಟಿದ್ದ ಥೀಮಿನ ಮಾತು ನಡೆಯುವುದಿಲ್ಲ. ಈ ಜೋಡಿಯ ಮಾತೇ ನಡೆಯುವುದು. ಥೀಮು ಹಿಡಿಯುತ್ತಿಲ್ಲವೆಂದು ಎಡಿಟರನ್ನೇ ಕಿತ್ತು ಮತ್ತೆ ಹಾಕಿದವರುಂಟು. ಅಷ್ಟು ಶ್ರಮ ಅನಾವಶ್ಯಕ.

ಬೇರೆ ಎಡಿಟರು ಬಳಸುವವರೂ ನಿರಾಶರಾಗಬೇಕಿಲ್ಲ. 2021ರಲ್ಲಿ ಬಂದ ಸಬ್ಲೈಮ್ ಟೆಕ್ಸ್ಟ್ 4 ಸಿಸ್ಟಮ್ಮನ್ನು ಅನುಸರಿಸಬಲ್ಲುದು. ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಕೂಡ ಅದೇ ವರ್ಷ 8ನೆಯ ಆವೃತ್ತಿಯಲ್ಲಿ ಕಪ್ಪು ಉಡುಗೆ ಪಡೆಯಿತು. ಹಳೆಯ ಯಂತ್ರವುಳ್ಳವರಿಗೆ ಈ ಹಗುರವಾದ ಎಡಿಟರೇ ಅನುಕೂಲ.

ಮೇಲಿನ ಪಟ್ಟಿ, ಅಂಚಿನ ಬಣ್ಣ

ಒಳಗಿನ ಪುಟ ಹೊಂದಿದರೂ ಕಿಟಕಿಯ ನೆತ್ತಿಯ ಮೇಲಿನ ಪಟ್ಟಿ ಬೇರೆಯಾಗಿ ಕಾಣುವುದುಂಟು. ಈ ಪಟ್ಟಿಯನ್ನು ಎಡಿಟರೇ ಬರೆಯಬಹುದು, ಅಥವಾ ಸಿಸ್ಟಮ್ಮಿಗೆ ಬಿಟ್ಟುಕೊಡಬಹುದು. "ಟೈಟಲ್ ಬಾರ್ ಸ್ಟೈಲ್" ಎಂಬ ಸೆಟ್ಟಿಂಗಿನಲ್ಲಿ ಕಸ್ಟಮ್ ಎಂದರೆ ಎಡಿಟರಿನದು, ನೇಟಿವ್ ಎಂದರೆ ಸಿಸ್ಟಮ್ಮಿನದು. ಲಿನಕ್ಸಿನಲ್ಲಿ ಉಳಿದ ಕಿಟಕಿಗಳಂತೆಯೇ ಗುಂಡಿಗಳೂ ಅಂಚೂ ಬೇಕೆನ್ನುವವರು ನೇಟಿವ್ ಆರಿಸಿ ಎಡಿಟರನ್ನು ಮುಚ್ಚಿ ತೆರೆದರೆ ಸರಿ. ಆದರೆ ಪಟ್ಟಿಗೆ ತಮ್ಮದೇ ಬಣ್ಣ ಹಚ್ಚಬೇಕೆಂಬವರಿಗೆ ಕಸ್ಟಮ್ಮೇ ಗತಿ. ಸಿಸ್ಟಮ್ಮು ಬರೆದ ಪಟ್ಟಿಯ ಮೇಲೆ ಎಡಿಟರಿನ ಅಧಿಕಾರವಿಲ್ಲ.

ಬಣ್ಣ ಹಚ್ಚುವವರಿಗಾಗಿ "ಕಲರ್ ಕಸ್ಟಮೈಸೇಶನ್ಸ್" ಎಂಬ ಸೆಟ್ಟಿಂಗಿದೆ. ಇಲ್ಲಿ ಪ್ರತಿಯೊಂದು ಭಾಗದ ಹೆಸರಿನ ಮುಂದೆ ಬಣ್ಣದ ಅಂಕೆಯನ್ನು ಬರೆಯಬೇಕು. ವಿಂಡೋಸ್ 11ರ ಕಪ್ಪು ಕಿಟಕಿಗಳ ಮೂಲ ಬಣ್ಣದ ಅಂಕೆ #202020. ಇದರಲ್ಲಿ ಮೊದಲ ಎರಡು ಅಂಕೆಗಳು ಕೆಂಪಿಗೆ, ನಡುವಿನ ಎರಡು ಹಸುರಿಗೆ, ಕೊನೆಯ ಎರಡು ನೀಲಿಗೆ. ಇದು ಹದಿನಾರರ ಎಣಿಕೆಯಾದುದರಿಂದ 20 ಎಂದರೆ ನಮ್ಮ ಲೆಕ್ಕದಲ್ಲಿ 32. ಒಟ್ಟು ಅಳತೆ 0ಯಿಂದ 255ರ ವರೆಗೆ. ಮೂರೂ ಸಮವಾದಾಗ ಬೂದು. ಅಲ್ಪವಾಗಿ ಸಮವಾದಾಗ ಕಪ್ಪಿಗೆ ಹತ್ತಿರವಾದ ಬೂದು. ಎಡಿಟರಿನ ಮೇಲಿನ ಪಟ್ಟಿ, ಪಕ್ಕದ ಪಟ್ಟಿ, ಕೆಳಗಿನ ಪಟ್ಟಿ ಈ ಮೂರಕ್ಕೂ ಈ ಅಂಕೆಯನ್ನೇ ಕೊಟ್ಟರೆ ಎಡಿಟರು ವಿಂಡೋಸಿನ ಉಳಿದ ಕಿಟಕಿಗಳ ಒಡಹುಟ್ಟಿದಂತೆ ಕಾಣುತ್ತದೆ.

ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ಬಣ್ಣವನ್ನು ಹಾಗೆಯೇ ಬರೆದಿಟ್ಟರೆ ಅದು ಹಗಲಿನ ಥೀಮಿಗೂ ಅಂಟಿಕೊಳ್ಳುತ್ತದೆ. ಬಿಳಿಯ ಪುಟದ ಸುತ್ತ ಕರಿಯ ಅಂಚು, ಶ್ರಾದ್ಧದ ಕಾಗದದಂತೆ. ಆದುದರಿಂದ ರಾತ್ರಿಯ ಥೀಮಿನ ಹೆಸರನ್ನು ಚೌಕ ಕಂಸದಲ್ಲಿ ಬರೆದು, ಬಣ್ಣಗಳನ್ನು ಅದರ ಒಳಗೆ ಇಡತಕ್ಕದ್ದು. ಆಗ ಅವು ಆ ಥೀಮು ಬಂದಾಗ ಮಾತ್ರ ಕಾಣಿಸಿಕೊಂಡು, ಅದು ಹೋದಾಗ ತಾವೂ ಹೋಗುತ್ತವೆ.

ಅಕ್ಷರದ ವಿಚಾರ, ಕನ್ನಡದ ವಿಚಾರ

ಬಣ್ಣದಷ್ಟೇ ಮುಖ್ಯವಾದುದು ಅಕ್ಷರದ ರೂಪ. ವಿಷುಯಲ್ ಸ್ಟುಡಿಯೋ ಕೋಡು ವಿಂಡೋಸಿನಲ್ಲಿ ಕನ್ಸೋಲಾಸ್, ಮ್ಯಾಕಿನಲ್ಲಿ ಮೆನ್ಲೋ, ಲಿನಕ್ಸಿನಲ್ಲಿ ಡ್ರಾಯ್ಡ್ ಸ್ಯಾನ್ಸ್ ಮೋನೋ ಎಂಬ ಫಾಂಟುಗಳನ್ನು ಮೊದಲಾಗಿ ಹುಡುಕುತ್ತದೆ. ಇವೆಲ್ಲ ಸಮ ಅಗಲದ ಫಾಂಟುಗಳು. ಇಂಗ್ಲಿಷಿನ ಸಣ್ಣ ಐ ಅಕ್ಷರಕ್ಕೂ ದೊಡ್ಡ ಎಂ ಅಕ್ಷರಕ್ಕೂ ಒಂದೇ ಜಾಗ. ಜಮಾಖರ್ಚಿನ ಪುಸ್ತಕದಲ್ಲಿ ಅಂಕೆಯ ಕೆಳಗೆ ಅಂಕೆ ಬೀಳುವಂತೆ ಸಾಲಿನ ಕೆಳಗೆ ಸಾಲು ಬೀಳಬೇಕೆಂಬುದು ಇದರ ಉದ್ದೇಶ. ಗುಮಾಸ್ತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಲಿಯುವವನು ತನಗೆ ತಾನೇ ಟಿಪ್ಪಣಿ ಬರೆದುಕೊಳ್ಳುವಾಗ ಕನ್ನಡದಲ್ಲಿ ಬರೆದರೆ ವಿಷಯ ಮನಸ್ಸಿಗೆ ಬೇಗ ಹತ್ತುತ್ತದೆ. ಇದಕ್ಕೆ ಯಂತ್ರದ ಅಡ್ಡಿಯಿಲ್ಲ. ಜಗತ್ತಿನ ಲಿಪಿಗಳಿಗೆಲ್ಲ ಅಂಕೆ ಕೊಟ್ಟ ಯೂನಿಕೋಡ್ ಎಂಬ ಏರ್ಪಾಡಿನಲ್ಲಿ 1991ರ ಮೊದಲನೆಯ ಆವೃತ್ತಿಯಿಂದಲೂ ಕನ್ನಡಕ್ಕೆ 128 ಮನೆಗಳ ಒಂದು ಕೇರಿ ಮೀಸಲಾಗಿದೆ. ಆದರೆ ಕನ್ಸೋಲಾಸಿನಲ್ಲಿ ಕನ್ನಡದ ಅಕ್ಷರಗಳಿಲ್ಲ. ಇಲ್ಲದ ಅಕ್ಷರವನ್ನು ಯಂತ್ರವು ಬೇರೆ ಫಾಂಟಿನಿಂದ ಎರವಲು ತರುತ್ತದೆ. ಯಾವುದರಿಂದ ತರಬೇಕೆಂದು ನಾವು ಹೇಳಿದರೆ ಒಳ್ಳೆಯದು. "ಫಾಂಟ್ ಫ್ಯಾಮಿಲಿ" ಎಂಬ ಸೆಟ್ಟಿಂಗಿನಲ್ಲಿ ಕನ್ಸೋಲಾಸಿನ ಮುಂದೆ ಅಲ್ಪವಿರಾಮ ಹಾಕಿ ನಿರ್ಮಲಾ ಯುಐ ಎಂದು ಬರೆಯಬಹುದು. 2012ರ ವಿಂಡೋಸ್ 8ರಿಂದ ಅದು ವಿಂಡೋಸಿನ ಜೊತೆಗೇ ಬರುತ್ತಿದೆ. ಮ್ಯಾಕಿನಲ್ಲಿ ಕನ್ನಡ ಸಂಗಮ್ ಎಂಎನ್ ಇದೆ. ಲಿನಕ್ಸಿನಲ್ಲಿ ನೋಟೋ ಸ್ಯಾನ್ಸ್ ಕನ್ನಡ, ಲೋಹಿತ್ ಕನ್ನಡ ಇವಲ್ಲದೆ ಗುಬ್ಬಿ, ನವಿಲು ಎಂಬ ಸುಂದರ ಹೆಸರಿನ ಫಾಂಟುಗಳೂ ದೊರೆಯುತ್ತವೆ.

ಕನ್ನಡಕ್ಕೆ ಇನ್ನೊಂದು ಅಗತ್ಯವಿದೆ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಇಂಗ್ಲಿಷಿಗೆಂದು ಅಳೆದ ಸಾಲಿನಲ್ಲಿ "ರಾಷ್ಟ್ರ" ಎಂದು ಬರೆದರೆ ಒತ್ತುಗಳು ಕೆಳಗಿನ ಸಾಲಿನ ನೆತ್ತಿಗೆ ತಾಗುತ್ತವೆ. "ಲೈನ್ ಹೈಟ್" ಎಂಬಲ್ಲಿ 1.7 ಎಂದು ಬರೆದರೆ ಅಕ್ಷರದ ಎತ್ತರದ 1.7ರಷ್ಟು ಜಾಗ ಪ್ರತಿ ಸಾಲಿಗೂ ದೊರೆತು ಬರಹ ಉಸಿರಾಡುತ್ತದೆ. ಆದರೂ ಕನ್ನಡದ ಅಕ್ಷರಗಳು ಸಮ ಅಗಲದವಲ್ಲ; ಕನ್ನಡ ಬೆರೆತ ಸಾಲುಗಳು ಮೇಲೆ ಕೆಳಗೆ ಕಂಬದಂತೆ ನಿಲ್ಲುವುದಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕಾಗಿದೆ.

ಕಣ್ಣಿಗೆ ಯಾವುದು ಹಿತ?

ಕಪ್ಪು ಪರದೆ ಕಣ್ಣಿಗೆ ಎಂದೆಂದಿಗೂ ಒಳ್ಳೆಯದೆಂಬ ನಂಬಿಕೆ ಹಬ್ಬಿದೆ. ಇದು ಪೂರ್ತಿ ನಿಜವಲ್ಲ. ಜರ್ಮನಿಯ ಡುಸೆಲ್ಡಾರ್ಫಿನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಳಿಯ ಮೇಲೆ ಕಪ್ಪು ಅಕ್ಷರಗಳನ್ನು ಓದುವಾಗ ಕಿರಿಯರೂ ಹಿರಿಯರೂ ಹೆಚ್ಚು ಚೆನ್ನಾಗಿ ಗುರುತಿಸಿದರೆಂದು ಕಂಡುಬಂದಿತು. ಕಾರಣ ಸರಳವಾಗಿದೆ. ಬೆಳಕು ಹೆಚ್ಚಿದಾಗ ಕಣ್ಣಿನ ಪಾಪೆ ಕಿರಿದಾಗುತ್ತದೆ; ಕಿರಿದಾದ ರಂಧ್ರದಿಂದ ಬಿಂಬ ಸ್ಪಷ್ಟವಾಗಿ ಬೀಳುತ್ತದೆ. ಕತ್ತಲೆಯ ಪರದೆಯೆದುರು ಪಾಪೆ ಹಿಗ್ಗಿ ಅಕ್ಷರದ ಅಂಚು ಮಸುಕಾಗಬಹುದು. ಕಣ್ಣಿನ ಗೋಲ ಅಸಮವಾಗಿದ್ದು ಅದಕ್ಕಾಗಿ ಕನ್ನಡಕ ಧರಿಸುವವರಿಗೆ ಕಪ್ಪಿನ ಮೇಲಿನ ಬಿಳಿಯ ಅಕ್ಷರಗಳು ಹರಡಿದಂತೆ ಕಾಣುವುದುಂಟು.

ಹಾಗಾದರೆ ಕಪ್ಪು ಏಕೆ ಎಂದರೆ, ಸುತ್ತಲಿನ ಬೆಳಕಿಗಾಗಿ, ಮಗ್ಗುಲಲ್ಲಿ ಮಲಗಿದವನಿಗಾಗಿ. ಹಗಲಿನ ಕಚೇರಿಗೆ ಬಿಳಿ, ರಾತ್ರಿಯ ಖೋಲಿಗೆ ಕಪ್ಪು. ಸಿಸ್ಟಮ್ಮಿಗೆ ಹೊಂದಿಸಿಕೊಳ್ಳುವುದರ ನಿಜವಾದ ಲಾಭ ಇದೇ. ಒಂದನ್ನೇ ಹಿಡಿದು ಕೂತವನಿಗೆ ಈ ಲಾಭವಿಲ್ಲ. ಜೊತೆಗೆ ಪರದೆಯ ಪ್ರಖರತೆಯನ್ನೂ ತಗ್ಗಿಸಿದರೆ ಎಲ್ಲರಿಗೂ ಕ್ಷೇಮ.

ಅಕ್ಷರಕ್ಕೂ ಹಿನ್ನೆಲೆಗೂ ಸಾಕಷ್ಟು ಅಂತರವಿರಬೇಕೆಂಬುದನ್ನು ಮರೆಯಬಾರದು. ಅಂತಾರಾಷ್ಟ್ರೀಯ ನಿಯಮಾವಳಿಯ ಪ್ರಕಾರ ಸಾಮಾನ್ಯ ಬರಹಕ್ಕೆ ಈ ಪ್ರಮಾಣ 4.5ಕ್ಕೆ 1 ಇರಬೇಕು. ಉತ್ತಮ ಮಟ್ಟಕ್ಕೆ 7ಕ್ಕೆ 1. ಅಪ್ಪಟ ಕಪ್ಪು ಬಿಳುಪಿನ ಪ್ರಮಾಣ 21ಕ್ಕೆ 1. ಬೂದಿಯ ಮೇಲೆ ಬೂದಿ ಬರೆದಂತಹ ಥೀಮುಗಳು ಚಿತ್ರದಲ್ಲಿ ಚೆಂದ, ಕೆಲಸಕ್ಕೆ ಬಾರವು. ದೃಷ್ಟಿ ಕುಂದಿದ ಹಿರಿಯ ಗುಮಾಸ್ತರಿಗೆ ಸಿಸ್ಟಮ್ಮಿನಲ್ಲಿಯೇ ಹೈ ಕಾಂಟ್ರಾಸ್ಟ್ ಎಂಬ ಏರ್ಪಾಡಿದೆ. ವಿಂಡೋಸಿನಲ್ಲಿ ಅದನ್ನು ಹಚ್ಚಿದರೆ ವಿಷುಯಲ್ ಸ್ಟುಡಿಯೋ ಕೋಡು ಕೇಳದೆಯೇ ಅನುಸರಿಸುತ್ತದೆ.

ಕೊನೆಯ ಮಾತು

ಥೀಮುಗಳ ಸಂತೆಯಲ್ಲಿ ಸಾವಿರಾರು ಸರಕುಗಳಿವೆ. ಎಲ್ಲವೂ ನಿರಪಾಯವೆಂದು ತಿಳಿಯಬಾರದು. ಹೊರಗಿನಿಂದ ತಂದು ಸೇರಿಸುವ ಎಕ್ಸ್‌ಟೆನ್ಷನ್ನು ಬಣ್ಣದ ಹೆಸರಿನಲ್ಲಿ ಬಂದರೂ ತನ್ನೊಳಗೆ ಬೇರೆ ಪ್ರೋಗ್ರಾಮನ್ನು ಹೊತ್ತಿರಬಲ್ಲುದು. ಅದು ಎಡಿಟರಿನಷ್ಟೇ ಅಧಿಕಾರದಿಂದ ನಮ್ಮ ಕಡತಗಳನ್ನು ಮುಟ್ಟಬಲ್ಲುದು. ಗುರುತಿಲ್ಲದವನಿಗೆ ಖೋಲಿಯ ಬೀಗದ ಕೈ ಕೊಡುತ್ತೇವೆಯೆ? ಜೊತೆಯಲ್ಲಿ ಬಂದ ಥೀಮುಗಳಲ್ಲಿಯೇ ತೃಪ್ತಿಪಡುವುದು ಹೊಸಬರಿಗೆ ಲೇಸು. ಕಚೇರಿಯ ಯಂತ್ರವಾದರೆ ಮೇಲಿನವರ ಅನುಮತಿಯಿಲ್ಲದೆ ಏನನ್ನೂ ಸೇರಿಸದಿರುವುದೇ ವಿಹಿತ.

ಇನ್ನೊಂದು ಅಪಾಯ ನಮ್ಮೊಳಗೇ ಇದೆ. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಪಾಠ ಹತ್ತದ ರಾತ್ರಿ ಥೀಮು ಬದಲಿಸುತ್ತ ಕುಳಿತರೆ ಬೆಳಗಾಗುವುದು, ಪ್ರೋಗ್ರಾಮು ಬೆಳೆಯದು. ಮೇಲೆ ಹೇಳಿದ ಕೆಲಸಕ್ಕೆ ಅರ್ಧ ಗಂಟೆ ಸಾಕು. ಅದನ್ನು ಒಂದು ರಜೆಯ ಮಧ್ಯಾಹ್ನ ಮುಗಿಸಿಟ್ಟರೆ ಮತ್ತೆ ಅದರ ಗೊಡವೆ ಬೇಡ. ದೀಪವಾರಿಸಿದ ಖೋಲಿಯಲ್ಲಿ ಪರದೆಯೂ ತಾನಾಗಿ ತಗ್ಗಿ ನಡೆಯುತ್ತದೆ. ನಾಲ್ಕೂವರೆಗೆ ಏಳುವವನು ಸುಖವಾಗಿ ಮಲಗುತ್ತಾನೆ, ಹನ್ನೆರಡರ ವರೆಗೆ ಓದುವವನು ನೆಮ್ಮದಿಯಿಂದ ಓದುತ್ತಾನೆ. ನಾಲ್ವರು ಕೂಡಿ ಬಾಳುವಲ್ಲಿ ಇಷ್ಟು ಅನುಸರಣೆ ಮನುಷ್ಯರಿಗೆ ಅಭ್ಯಾಸವಾಗಿದೆ. ಯಂತ್ರಕ್ಕೂ ಅದನ್ನು ಕಲಿಸೋಣ.